ಗ್ರಹಣದ ಕೋಣೆಯಿಂದ ವೈಫೈ ಡಬ್ಬಿವರೆಗೆ

ಹೋದ ವರ್ಷ ಸೀಮಂತ ಮುಗಿಸ್ಕೊಂಡು ಮಗಳು ಬಾಣಂತನಕ್ಕೆ ಅಂತ ಜೆ.ಪಿ. ನಗರದ ನಮ್ಮನೆಗೆ ಬಂದ್ಲಲ್ಲ, ಅವತ್ತು ನಾನು ಮಾಡಿದ ಮೊದಲ್ನೇ ಕೆಲ್ಸ ಏನು ಗೊತ್ತಾ? ಅವಳ ಕೋಣೆ ಗೋಡೆ ಮೇಲಿದ್ದ ವೈಫೈ ಡಬ್ಬಿ ಸ್ವಿಚ್ ಆರಿಸಿದ್ದು. ಎರಡ್ನೇದು, ರಾತ್ರಿ ಊಟ ಆದ್ಮೇಲೆ ಅವಳ ಫೋನ್ ಇಸ್ಕೊಂಡು ಹಾಲಿನ ಬೀರುಲಿ ಇಟ್ಟಿದ್ದು. ಎದುರುಮನೆಯವರು ಒಂದು ಮೆಸೇಜು ಕಳಿಸಿದ್ರು. ಬಸುರಿ ಹೊಟ್ಟೆಗೆ ಫೋನಿನ ಅಲೆ ತಾಗಿದ್ರೆ ಮಗು ಚಂಡಿಯಾಗತ್ತೆ, ಬುದ್ಧಿ ಮಂದ ಆಗತ್ತೆ ಅಂತ. ಆ ಮೆಸೇಜು ಬಂದಿದ್ದೂ ಫೋನಿಗೇ, ಓದಿದ್ದೂ ಫೋನಲ್ಲೇ. ಅದು ನಂಗೆ ಆಗ ಹೊಳೀಲಿಲ್ಲ.

ಮಗಳು ಜಗಳ ಆಡ್ಲಿಲ್ಲ. "ಅಮ್ಮ, ನಿನ್ನ ಹೊತ್ತಾಗ ಅಜ್ಜಿ ಏನೇನು ಬೇಡ ಅಂದಿದ್ರು?" ಅಂತ ಕೇಳಿದ್ಲು ಅಷ್ಟೇ. ಆ ಒಂದು ಪ್ರಶ್ನೆಯಿಂದ ಶುರುವಾಗಿದ್ದು ಇದು. ಬ್ಯಾಂಕಲ್ಲಿ ಮೂವತ್ತು ವರ್ಷ ಲೆಕ್ಕ ತಾಳೆ ನೋಡಿದ ಕೈ ನಂದು. ಈ ಭಯದ ಲೆಕ್ಕಾನೂ ಹಿಂದಿನಿಂದ ತಾಳೆ ನೋಡೋಣ ಅಂತ ಕೂತೆ.

ನಂಗೆ ನೆನಪಿರೋ ಮೊದಲ್ನೇದು 1980ರ ಫೆಬ್ರವರಿ 16ರ ಸೂರ್ಯಗ್ರಹಣ. ಪೂರ್ತಿ ಗ್ರಹಣ ಕಂಡಿದ್ದು ಉತ್ತರ ಕರ್ನಾಟಕದ ಕಡೆ. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆ ಜವಳಗೇರಾದಲ್ಲಿ ದುರ್ಬೀನು ಹೂಡಿ ಕಾದಿದ್ರು. ಬೆಂಗ್ಳೂರಿಗೆ ಬಂದಿದ್ದು ಭಾಗಶಃ ಗ್ರಹಣ. ಆದ್ರೂ ಜಯನಗರದ ನಮ್ಮ ಬೀದೀಲಿ ಮಧ್ಯಾಹ್ನ ಒಂದು ನಾಯಿ ಬಿಟ್ರೆ ಯಾರೂ ಇರ್ಲಿಲ್ಲ. ನಮ್ಮ ಚಿಕ್ಕಮ್ಮ ಆಗ ಐದು ತಿಂಗಳ ಬಸುರಿ. ಅವರನ್ನ ಕತ್ತಲೆ ಕೋಣೇಲಿ ಕೂಡಿ, ಕಿಟಕಿಗೆ ಹಳೇ ಜಮಖಾನ ಕಟ್ಟಿದ್ರು. ಈಳಿಗೆಮಣೆ ಮುಟ್ಟಬಾರ್ದು, ಸೂಜಿ ಹಿಡೀಬಾರ್ದು, ಹಿಡಿದ್ರೆ ಮಗು ತುಟಿ ಸೀಳತ್ತೆ ಅಂತ. ನೀರೂ ಕೊಡ್ಲಿಲ್ಲ. ಆ ಸೆಕೇಲಿ ಚಿಕ್ಕಮ್ಮಂಗೆ ತಲೆ ಸುತ್ತಿ ಬಂತು, ಬಾಗಿಲು ಬಡಿದ್ರು. ಗ್ರಹಣ ಬಿಡೋವರೆಗೂ ತೆಗೀಲಿಲ್ಲ. ಗ್ರಹಣದ ಹೊತ್ತಲ್ಲಿ ಬಿಸಿಲಿನಲ್ಲಿ ಬೇರೆ ದಿನ ಇಲ್ಲದ್ದು ಏನೂ ಇರಲ್ಲ. ಬರಿಗಣ್ಣಲ್ಲಿ ಸೂರ್ಯನ್ನ ನೋಡಿದ್ರೆ ಕಣ್ಣು ಹೋಗತ್ತೆ, ಅದು ಬಸುರಿಗೂ ಒಂದೇ ಗಂಡಸ್ರಿಗೂ ಒಂದೇ. ಬಸುರಿಗೆ ಅವತ್ತು ತೊಂದರೆ ಆಗಿದ್ದು ಸೂರ್ಯನಿಂದಲ್ಲ, ನೀರು ಕೊಡದ ನಮ್ಮಿಂದ.

ತಮಾಷೆ ಅಂದ್ರೆ, ಆ ಕತ್ತಲೆ ಕೋಣೆ ಒಳಗೂ ಅಲೆ ಬರ್ತಾ ಇತ್ತು. ಹಜಾರದಲ್ಲಿ ರೇಡಿಯೋ ಹಾಡ್ತಾ ಇತ್ತಲ್ಲ! ನಮ್ಮ ನಾಡಿಗೆ ಇದು ಬಂದಿದ್ದು 1935ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಮನಶ್ಶಾಸ್ತ್ರ ಹೇಳ್ಕೊಡ್ತಿದ್ದ ಎಂ.ವಿ. ಗೋಪಾಲಸ್ವಾಮಿಗಳು ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಚಿಕ್ಕ ಪ್ರೇಷಕ ಇಟ್ಟು ಬಾನುಲಿ ಶುರು ಮಾಡಿದ್ರು. 'ಆಕಾಶವಾಣಿ' ಅನ್ನೋ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ್ಲೇ. 1955ರಲ್ಲಿ ನಿಲಯ ಬೆಂಗ್ಳೂರಿಗೆ ಬಂತು. ಆಮೇಲೆ 612 ಕಿಲೋಹರ್ಟ್ಸ್‌ನಲ್ಲಿ 200 ಕಿಲೋವ್ಯಾಟ್ ಬಲದ ಪ್ರೇಷಕ, ಅಂದ್ರೆ ಎರಡು ಲಕ್ಷ ವ್ಯಾಟ್. ಬಸವನಗುಡಿಯಿಂದ ಬನಶಂಕರಿವರೆಗೆ ಬಸುರಿಯರೆಲ್ಲ ಅದರ ಮಧ್ಯೇನೇ ಓಡಾಡಿದ್ರು, ಹೆತ್ರು, ಬಾಣಂತನ ಮಾಡಿಸ್ಕೊಂಡ್ರು. ಬಸುರಿ ರೇಡಿಯೋ ಹತ್ರ ಹೋಗಬಾರ್ದು ಅಂತ ನಮ್ಮಜ್ಜಿ ಬಾಯಲ್ಲಿ ಕೇಳಿಲ್ಲ. ಒಳ್ಳೆ ಸಂಗೀತ ಕೇಳ್ಲಿ ಅಂತ ಪಕ್ಕಕ್ಕೇ ಎಳೆದು ಇಡ್ತಿದ್ರು.

ಹಾಗಂತ ಕಣ್ಣಿಗೆ ಕಾಣದ್ದಕ್ಕೆಲ್ಲ ಹೆದರೋದು ದಡ್ಡತನ ಅಂತಲೂ ಅನ್ಬೇಡಿ. ನಿಜವಾಗ್ಲೂ ಹೆದರಬೇಕಿದ್ದಾಗ ಯಾರೂ ಹೆದರದೆ ಇದ್ದಿದ್ದೂ ಉಂಟು. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ್ರು. ಮಗು ಅಡ್ಡ ಇದ್ಯಾ, ಅವಳಿನಾ, ತಾಯಿ ಸೊಂಟದ ಮೂಳೆ ಸಾಕಷ್ಟು ಅಗಲ ಇದ್ಯಾ ಅಂತ ನೋಡೋಕೆ ಯೂರೋಪು, ಅಮೆರಿಕದ ಆಸ್ಪತ್ರೆಗಳಲ್ಲಿ ಬಸುರಿ ಹೊಟ್ಟೆಗೇ ಎಕ್ಸ್‌ರೇ ತೆಗೀತಿದ್ರು. ಐವತ್ತರ ದಶಕದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಲ್ಲಿ ಆಲಿಸ್ ಸ್ಟೀವರ್ಟ್ ಅಂತ ಡಾಕ್ಟರಮ್ಮ ಇದ್ರು. ಚಿಕ್ಕ ಮಕ್ಕಳಿಗೆ ಯಾಕೆ ಕ್ಯಾನ್ಸರ್ ಬರತ್ತೆ ಅನ್ನೋದಕ್ಕೆ ಅವರು ಹಿಡಿದ ದಾರಿ ಬಹಳ ಸರಳ, ತಾಯಂದ್ರನ್ನೇ ಕೇಳೋದು. ಮಗು ಕಳ್ಕೊಂಡ ತಾಯಂದ್ರನ್ನೂ, ಮಗು ಚೆನ್ನಾಗಿರೋ ತಾಯಂದ್ರನ್ನೂ ಒಂದೇ ಪ್ರಶ್ನೆಪಟ್ಟಿ ಇಟ್ಟು ಕೇಳಿಸಿದ್ರು. 1956ರಲ್ಲಿ ಮೊದಲ ವರದಿ, 1958ರಲ್ಲಿ ಪೂರ್ತಿ ವರದಿ. ಕ್ಯಾನ್ಸರ್‌ನಿಂದ ತೀರಿಕೊಂಡ ಮಕ್ಕಳ ತಾಯಂದ್ರಲ್ಲಿ ಬಸುರಿಯಾಗಿದ್ದಾಗ ಹೊಟ್ಟೆ ಎಕ್ಸ್‌ರೇ ತೆಗೆಸಿಕೊಂಡವರು ಹೆಚ್ಚುಕಡಿಮೆ ಎರಡರಷ್ಟು ಇದ್ರು.

ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ಮಗು ಕಳ್ಕೊಂಡವಳು ಕಾರಣ ಹುಡುಕ್ತಾ ಎಲ್ಲಾನೂ ನೆನೆಸ್ಕೋತಾಳೆ, ಮಗು ಚೆನ್ನಾಗಿರೋವಳು ಮರೆತಿರ್ತಾಳೆ, ನೆನಪಿನ ಲೆಕ್ಕ ನಂಬೋಕಾಗಲ್ಲ ಅಂದ್ರು. ಆ ಮಾತಲ್ಲೂ ಸತ್ಯ ಇದೆ. ಅದಕ್ಕೇ ಅಮೆರಿಕದಲ್ಲಿ ಬ್ರಯನ್ ಮ್ಯಾಕ್‌ಮಹೋನ್ ಅನ್ನೋರು ನೆನಪು ಬಿಟ್ಟು ಕಾಗದ ಹಿಡಿದ್ರು. 37 ಹೆರಿಗೆ ಆಸ್ಪತ್ರೆಗಳಲ್ಲಿ 1947ರಿಂದ 1954ರವರೆಗೆ ಹುಟ್ಟಿದ 7,34,243 ಮಕ್ಕಳು. ಹೆರಿಗೆಗೆ ಮುಂಚೇನೇ ಬರೆದಿಟ್ಟಿದ್ದ ದಾಖಲೆ. 1962ರಲ್ಲಿ ಬಂದ ಉತ್ತರ ಏನು? ಎಕ್ಸ್‌ರೇ ಬಿದ್ದ ಮಕ್ಕಳಲ್ಲಿ ಕ್ಯಾನ್ಸರ್ ಸುಮಾರು ನೂರಕ್ಕೆ ನಲವತ್ತರಷ್ಟು ಹೆಚ್ಚು. ತಾಯಂದ್ರು ಹೇಳಿದ್ದು ಸರಿ ಇತ್ತು. ಇವತ್ತು ಎಕ್ಸ್‌ರೇ ಕೋಣೆ ಬಾಗಿಲ ಮೇಲೆ "ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ" ಅಂತ ಬರೆದಿರತ್ತಲ್ಲ, ಆ ಒಂದು ಸಾಲಿನ ಹಿಂದೆ ಇಷ್ಟು ಇದೆ.

ಆ 1958ರಲ್ಲೇ ಇನ್ನೊಂದು ಆಯ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಅನ್ನೋ ಡಾಕ್ಟರು ಶಬ್ದದ ಅಲೆಯಿಂದ ಹೊಟ್ಟೆ ಒಳಗೆ ನೋಡ್ಬಹುದು ಅಂತ ತೋರಿಸಿದ್ರು. ನಮ್ಮ ಸ್ಕ್ಯಾನಿಂಗು ಬೆಳೆದಿದ್ದು ಅದರಿಂದ. ಡಾಕ್ಟರು ಬೇಕು ಅಂದಾಗ ಮಾಡಿಸೋ ಆ ಅಲೆಯಿಂದ ಮಗುಗೆ ಕೆಟ್ಟದ್ದಾಗಿದ್ದು ಕಂಡಿಲ್ಲ. ಆದ್ರೆ ಆ ಮಿಷನ್ನಿನಿಂದ ನಮ್ಮ ದೇಶದಲ್ಲಿ ಎಷ್ಟು ಹೆಣ್ಣುಮಕ್ಕಳು ಹುಟ್ಟದೇ ಹೋದ್ರು! ಭ್ರೂಣದ ಲಿಂಗ ಪತ್ತೆ ಮಾಡಬಾರ್ದು ಅಂತ 1994ರಲ್ಲಿ ಕಾನೂನೇ ಬಂತು. 2023ರ ನವೆಂಬರಲ್ಲಿ ಬೆಂಗ್ಳೂರು ಪೊಲೀಸ್ರು ಒಂದು ಜಾಲ ಹಿಡಿದಾಗ ಗೊತ್ತಾಯ್ತು, ಮಂಡ್ಯದ ಆಲೆಮನೆ ಒಂದ್ರಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ನಡೀತಿತ್ತು ಅಂತ. ಬೆಲ್ಲ ಬೇಯಿಸೋ ಜಾಗದಲ್ಲಿ! ಅಲೆ ಏನೂ ಮಾಡ್ಲಿಲ್ಲ ಕಣ್ರೀ. ಪರದೆ ನೋಡಿದ ಮನುಷ್ಯರು ಮಾಡಿದ್ದು.

ಈಗ ನನ್ನ ಸರದಿ. 1993ರಲ್ಲಿ ಮಗಳು ಹೊಟ್ಟೇಲಿ ಇದ್ದಾಗ ನಮ್ಮ ಬ್ರಾಂಚಿಗೆ ಲೆಡ್ಜರ್ ಪೋಸ್ಟಿಂಗ್ ಮಿಷನ್ ಬಂದಿತ್ತು. ಹಸಿರು ಅಕ್ಷರದ ಡಬ್ಬಾ ಪರದೆ. "ಬಸುರಿಯರು ಅದರ ಮುಂದೆ ಕೂತ್ರೆ ಗರ್ಭ ನಿಲ್ಲಲ್ಲ" ಅಂತ ಗುಸುಗುಸು. ನಮ್ಮತ್ತೆ ಬೆಳ್ಳಿ ಉಡಿದಾರ ಕಟ್ಟಿ ಕಳಿಸಿದ್ರು. ಗುಸುಗುಸುಗೆ ಬುಡ ಇರ್ಲಿಲ್ಲ ಅಂತಲ್ಲ. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1,583 ಬಸುರಿಯರನ್ನ ಕೇಳಿ ಒಂದು ಅಧ್ಯಯನ ಬಂದಿತ್ತು. ಮೊದಲ ಮೂರು ತಿಂಗಳಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಪರದೆ ಮುಂದೆ ಕೂತವರಲ್ಲಿ ಗರ್ಭಪಾತ ಹೆಚ್ಚು ಅಂತ. ಪರದೆಯೋ, ಕೆಲ್ಸದ ಒತ್ತಡವೋ ಅಂತ ಅದರಲ್ಲಿ ಬೇರೆ ಮಾಡೋಕಾಗಿರ್ಲಿಲ್ಲ. ಆಮೇಲೆ 1991ರಲ್ಲಿ ಅಮೆರಿಕದ ಟೆಲಿಫೋನ್ ಆಪರೇಟರ್ ಹೆಂಗಸ್ರನ್ನ ತಗೊಂಡು ಸರಿಯಾಗಿ ತೂಗಿ ನೋಡಿದ್ರು. ಒಂದು ಗುಂಪಿಗೆ ಡಬ್ಬಾ ಪರದೆ, ಇನ್ನೊಂದಕ್ಕೆ ಅದಿಲ್ಲ, ಕೆಲ್ಸ ಮಾತ್ರ ಒಂದೇ ಥರದ್ದು. ಎಷ್ಟು ಗಂಟೆ ಕೂತ್ರು ಅನ್ನೋದಕ್ಕೆ ಕಂಪನಿ ದಾಖಲೆ. 730 ಹೆಂಗಸ್ರು, 882 ಬಸಿರು. ಎರಡೂ ಕಡೆ ಗರ್ಭಪಾತ ಒಂದೇ ಸಮ. ಆ ಉತ್ತರ ಬಂದು ಎರಡು ವರ್ಷ ಆಗಿತ್ತು, ನಮ್ಮ ಬ್ರಾಂಚಿಗೆ ತಲುಪಿರ್ಲಿಲ್ಲ. ಹೆದರಿಕೆ ಮಾತ್ರ ಮೊದಲೇ ತಲುಪಿತ್ತು.

ಮೊಬೈಲು ಬಂದಿದ್ದು ಆಮೇಲೆ. 1995ರ ಜುಲೈ 31ಕ್ಕೆ ಕಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯ ಸುಖರಾಮ್‌ಗೆ ಮಾಡಿದ್ದು ದೇಶದ ಮೊದಲ್ನೇ ಮೊಬೈಲ್ ಕರೆ. ನಮ್ಮ ಕರ್ನಾಟಕಕ್ಕೆ ಜೆ.ಟಿ.ಎಂ, ಸ್ಪೈಸು ಬಂದ್ವು. ಬಂದ ಕರೆಗೂ ದುಡ್ಡು ಕೊಡ್ಬೇಕಿತ್ತು, ಅದು ನಿಂತಿದ್ದು 2003ರಲ್ಲಿ. ಅಲ್ಲಿವರೆಗೆ ನಮ್ಮನೇಲಿ ಮಿಸ್ಡ್ ಕಾಲೇ ಭಾಷೆ. ಒಂದು ಸಲ ಬಡಿದ್ರೆ ಕಾಲೇಜು ತಲುಪ್ದೆ, ಎರಡು ಸಲ ಬಡಿದ್ರೆ ಬಸ್ ಸಿಗ್ಲಿಲ್ಲ ಲೇಟಾಗತ್ತೆ. ಫೋನು ಅಗ್ಗ ಆದ ಹಾಗೆ ಜಯನಗರ, ಬನಶಂಕರಿ ಮನೆಗಳ ತಾರಸಿ ಮೇಲೆ ಟವರುಗಳು ಎದ್ವು. ಬಾಡಿಗೆ ಬರತ್ತೆ ಅಂತ ಮನೆಯವ್ರಿಗೆ ಖುಷಿ, ಪಕ್ಕದ್ಮನೆ ಬಸುರಿಗೆ ಭಯ.

ಎಕ್ಸ್‌ರೇಗೂ ಇದಕ್ಕೂ ವ್ಯತ್ಯಾಸ ಏನು ಅಂತ ಕೇಳ್ತೀರಿ. ಎರಡಕ್ಕೂ ರೇಡಿಯೇಶನ್ ಅಂತ ಒಂದೇ ಹೆಸರು, ಅದೇ ಗೊಂದಲ. ಎಕ್ಸ್‌ರೇಗೆ ಜೀವಕೋಶದ ಒಳಗಿನ ಎಳೆ ಕತ್ತರಿಸೋ ಶಕ್ತಿ ಇದೆ. ಫೋನು, ವೈಫೈ ಅಲೆಗೆ ಆ ಶಕ್ತಿ ಇಲ್ಲ. ಅದು ಮಾಡೋದು ಬಿಸಿ, ಅದೂ ಬಹಳ ಕಮ್ಮಿ. ಹಳೇ 2ಜಿ ಫೋನು ಜೋರಾಗಿ ಕಿರುಚಿದ್ರೂ 2 ವ್ಯಾಟ್. ವೈಫೈ ಡಬ್ಬಿ ಸುಮಾರು 0.1 ವ್ಯಾಟ್. ಅದೂ ದೂರ ಹೋದ ಹಾಗೆ ಬೇಗ ಬೇಗ ಕುಗ್ಗತ್ತೆ, ಮೈ ಒಳಗೆ ಇಳಿಯೋ ಹೊತ್ತಿಗೆ ಇನ್ನೂ ಕುಗ್ಗತ್ತೆ. ಇನ್ನೊಂದು ವಿಷ್ಯ: ಸಿಗ್ನಲ್ ಸರಿಯಾಗಿ ಸಿಗ್ದೇ ಇದ್ದಾಗ್ಲೇ ಫೋನು ಜಾಸ್ತಿ ಬಲ ಹಾಕೋದು. ಹಾಗಾಗಿ ಟವರು ಹತ್ರ ಇದ್ದಷ್ಟೂ ಕೈಲಿರೋ ಫೋನು ಮೆತ್ತಗೆ ಮಾತಾಡತ್ತೆ. ಫೋನ್ ಹಿಂದೆ ಅಂಟಿಸೋ ರೇಡಿಯೇಶನ್ ಸ್ಟಿಕ್ಕರ್ ಮಾರ್ತಾರಲ್ಲ, ಅದು ನಿಜವಾಗ್ಲೂ ಅಲೆ ತಡೆದ್ರೆ ಫೋನು ಇನ್ನೂ ಜೋರು ಮಾಡತ್ತೆ. ತಡೀದೇ ಇದ್ರೆ ದುಡ್ಡು ದಂಡ.

ಹಾಗಾದ್ರೆ ಎದುರುಮನೆಯವರ ಮೆಸೇಜು ಹುಟ್ಟಿದ್ದೆಲ್ಲಿ? ಸುಳ್ಳಿಂದಲ್ಲ, ನಿಜವಾದ ಒಂದು ಅಧ್ಯಯನದಿಂದ್ಲೇ. 2008ರಲ್ಲಿ ಡೆನ್ಮಾರ್ಕಲ್ಲಿ ಏಳು ವರ್ಷದ 13,159 ಮಕ್ಕಳ ಲೆಕ್ಕ ತೆಗೆದ್ರು. ಬಸುರಿಯಾಗಿದ್ದಾಗ ಅಮ್ಮ ಮೊಬೈಲ್ ಬಳಸಿ, ಮಗುವೂ ಬಳಸಿದ್ರೆ, ಮಗುವಿನಲ್ಲಿ ಚಂಡಿ, ಚಂಚಲತೆ ಜಾಸ್ತಿ ಅಂತ ಬಂತು. ಇನ್ನೂ 28,745 ಮಕ್ಕಳನ್ನ ನೋಡಿದಾಗ ಅದೇ ಬಂತು, ಆದ್ರೆ ಸ್ವಲ್ಪ ಕಮ್ಮಿ. ಸಮಸ್ಯೆ ಏನಂದ್ರೆ, ಬಸುರಿನ ಫೋನ್ ಲೆಕ್ಕ ಕೇಳಿದ್ದು ಮಗುಗೆ ಏಳು ತುಂಬಿದ್ಮೇಲೆ. ಮತ್ತೆ ಅದೇ ನೆನಪಿನ ಲೆಕ್ಕ! ಏಳು ವರ್ಷದ ಹಿಂದೆ ದಿನಕ್ಕೆ ಎಷ್ಟು ಸಲ ಫೋನ್ ಮಾಡ್ತಿದ್ರಿ ಅಂದ್ರೆ ನಾನಂತೂ ಹೇಳಲಾರೆ. 2013ರಲ್ಲಿ ನೆದರ್‌ಲ್ಯಾಂಡ್ಸಲ್ಲಿ ಐದು ವರ್ಷದ ಸುಮಾರು 2,600 ಮಕ್ಕಳನ್ನ ನೋಡಿದ್ರು, ಅಂಥ ಸಂಬಂಧ ಸಿಗ್ಲಿಲ್ಲ. 2017ರಲ್ಲಿ ಐದು ದೇಶಗಳ 83,884 ತಾಯಿ-ಮಕ್ಕಳ ಲೆಕ್ಕ ಒಟ್ಟು ಹಾಕಿದಾಗ, ತುಂಬ ಮಾತಾಡೋ ಅಮ್ಮಂದ್ರ ಮಕ್ಕಳಲ್ಲಿ ಚಂಚಲತೆ ಸ್ವಲ್ಪ ಜಾಸ್ತಿ ಕಂಡಿತು. ಅದು ಅಲೆಯಿಂದ್ಲೋ, ಆ ಮನೆ ನಡೆಯೋ ರೀತಿಯಿಂದ್ಲೋ ಹೇಳೋಕಾಗಲ್ಲ ಅಂತ ಅಧ್ಯಯನ ಮಾಡಿದವ್ರೇ ಬರೆದ್ರು. ಅದೇ ವರ್ಷ ನಾರ್ವೆಯಲ್ಲಿ, ಬಸುರಿಯಾಗಿದ್ದಾಗ್ಲೇ ಕೇಳಿ ಬರೆದಿಟ್ಟ ಲೆಕ್ಕ. 45,389 ತಾಯಿ-ಮಕ್ಕಳು. ಜಾಸ್ತಿ ಫೋನ್ ಬಳಸಿದ ಅಮ್ಮಂದ್ರ ಮಕ್ಕಳು ಮೂರು ವರ್ಷಕ್ಕೆ ಮಾತಲ್ಲಿ ಹಿಂದೆ ಬಿದ್ದಿದ್ದು ಕಮ್ಮಿ! ಅಲೆ ಮಾತು ಕಲಿಸತ್ತೆ ಅಂತಲ್ಲ. ಬಾಯಿ ತುಂಬ ಮಾತಾಡೋ ಅಮ್ಮ ಫೋನಲ್ಲೂ ಮಾತಾಡ್ತಾಳೆ, ಮಗು ಹತ್ರಾನೂ ಮಾತಾಡ್ತಾಳೆ, ಅಷ್ಟೇ ಇರ್ಬೇಕು.

2011ರ ಮೇ 31ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು ಈ ಅಲೆಗಳನ್ನ '2ಬಿ' ಪಟ್ಟಿಗೆ ಸೇರಿಸಿದ್ರು. ಕ್ಯಾನ್ಸರ್ ತರಬಹುದೇನೋ, ಇನ್ನೂ ಪಕ್ಕಾ ಇಲ್ಲ ಅಂತ ಅದರ ಅರ್ಥ. ಅವತ್ತು ಅದೇ ಪಟ್ಟೀಲಿ ಕಾಫಿನೂ ಇತ್ತು. 1991ರಿಂದ ಇತ್ತು, 2016ರಲ್ಲಿ ಕೈಬಿಟ್ರು. ಅಷ್ಟು ವರ್ಷ ನಾವ್ಯಾರೂ ಫಿಲ್ಟರ್ ಇಳಿಸೋದು ಬಿಡ್ಲಿಲ್ಲ. ನಮ್ಮ ಸರ್ಕಾರ ಮಾತ್ರ 2012ರ ಸೆಪ್ಟೆಂಬರ್ 1ರಿಂದ ಕಟ್ಟುನಿಟ್ಟು ಮಾಡ್ತು. ಟವರಿಗೆ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ, ಫೋನಿಗೆ ಮೈಯ ಒಂದು ಕಿಲೋಗೆ 1.6 ವ್ಯಾಟ್ ಮಿತಿ. ನಿಮ್ಮ ಫೋನಲ್ಲಿ *#07# ಒತ್ತಿ ನೋಡಿ, ತುಂಬ ಫೋನುಗಳು ತಮ್ಮ ಲೆಕ್ಕ ತೋರಿಸ್ತವೆ.

ಇಷ್ಟೆಲ್ಲ ನಾನು ಮೊದಲೇ ಓದಿದ್ದೆ ಅಂದ್ಕೋಬೇಡಿ. ಓದಿದ್ದು ಒಂದು ರಾತ್ರಿ ಆದ್ಮೇಲೆ.

ಮಗಳಿಗೆ ಎಂಟು ತಿಂಗಳು ತುಂಬಿತ್ತು. ಬೆಳಗ್ಗೆ ಐದಕ್ಕೆ ಹಾಲು ತರೋಕೆ ಎದ್ದೆ. ಅವಳು ಕೋಣೇಲಿ ದೀಪ ಹಾಕ್ಕೊಂಡು, ಹೊಟ್ಟೆ ಹಿಡ್ಕೊಂಡು, ಮಂಚದ ಅಂಚಲ್ಲಿ ಕೂತಿದ್ಲು. ರಾತ್ರಿ ಒಂದೂವರೆಯಿಂದ ಹಾಗೇ ಕೂತಿದ್ದಳಂತೆ. ಮಗು ಒದೆಯೋದು ಕಮ್ಮಿ ಆಗಿದೆ ಅನ್ನಿಸಿತ್ತು. ಡಾಕ್ಟರ ನಂಬರು ಫೋನಲ್ಲಿ. ಗಂಡ ಪುಣೇಲಿ, ಅವನ ಜೊತೆ ಮಾತಾಡೋಕೂ ಫೋನೇ. ಫೋನು ನನ್ನ ಬೀರುಲಿ. "ಎಬ್ಬಿಸ್ಬಾರ್ದಿತ್ತಾ?" ಅಂದೆ. "ಫೋನ್ ಕೇಳೋಕೆ ನೆಪ ಅಂದ್ಕೋತೀಯಾ ಅಂತ" ಅಂದ್ಲು.

ಆಟೋ ಹಿಡ್ದು ಓಡಿದ್ವಿ. ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ಕೇಳಿಸಿದ್ರು, ಟಕ್ ಟಕ್ ಅಂತ ಓಡ್ತಾ ಇತ್ತು. ಏನೂ ಆಗಿರ್ಲಿಲ್ಲ. ಆದ್ರೆ ಡಾಕ್ಟರು ನನ್ನ ಕಡೆ ತಿರುಗಿ, "ಒದೆತ ಕಮ್ಮಿ ಅನ್ನಿಸಿದ್ರೆ ಬೆಳಗಾಗ್ಲಿ ಅಂತ ಕಾಯಬಾರ್ದಮ್ಮ, ಆಗ್ಲೇ ಬರ್ಬೇಕು" ಅಂದ್ರು. ಆ ಮೂರೂವರೆ ಗಂಟೆ ನನ್ನ ಲೆಕ್ಕಕ್ಕೆ ಸೇರಿದ್ದು. ಮನೆಗೆ ಬಂದು ಬೀರು ಬಾಗಿಲು ತೆಗೆದಾಗ ನಂಗೆ ನೆನಪಾಗಿದ್ದು ಚಿಕ್ಕಮ್ಮ ಬಡೀತಿದ್ದ ಬಾಗಿಲು.

ಫೋನು ಬಸುರಿಗೆ ಏನು ಅನ್ನೋದನ್ನ ನಮ್ಮ ನಾಡಿನ ಲೆಕ್ಕದಲ್ಲೂ ನೋಡಿ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾಗಿದ್ದು 2008ರ ನವೆಂಬರಲ್ಲಿ, ಆ ಡೆನ್ಮಾರ್ಕಿನ ಲೆಕ್ಕ ಬಂದ ವರ್ಷವೇ. 2004-06ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದ್ರು ಸಾಯ್ತಿದ್ರು. 2018-20ಕ್ಕೆ ಅದು 69ಕ್ಕೆ ಇಳೀತು. ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರು, ರಕ್ತ, ಔಷಧಿ, ಎಲ್ಲಾ ಸೇರಿ ಆಗಿದ್ದು ಅದು. ಆದ್ರೆ ಆ ಆಂಬುಲೆನ್ಸು ಮನೆ ಬಾಗ್ಲಿಗೆ ಬರ್ಬೇಕಾದ್ರೆ ಯಾರಾದ್ರೂ ಒಬ್ರು ಫೋನ್ ಒತ್ಲೇಬೇಕು. ಅದು ಬಸುರಿ ಕೈಗೇ ಸಿಗೋ ಹಾಗಿದ್ರೆ ಒಳ್ಳೇದಲ್ವಾ?

ಮಗು ಹುಟ್ಟಿದ್ಮೇಲೆ ಫೋನಿನ ಕಥೆ ಬೇರೆ. ಅಲ್ಲಿ ಯೋಚನೆ ಅಲೆದಲ್ಲ, ಪರದೆದು. ಒಂದು ವರ್ಷದ ಒಳಗಿನ ಮಗುಗೆ ಪರದೆ ಬೇಡ್ವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳ್ತು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಎರಡು ವರ್ಷದವರೆಗೂ ಬೇಡ, ಅಪರೂಪಕ್ಕೆ ನೆಂಟರ ಜೊತೆ ವಿಡಿಯೋ ಕಾಲ್ ಆದ್ರೆ ಪರವಾಗಿಲ್ಲ ಅಂದಿದೆ. ನಮ್ಮ ಬಿ.ಟಿ.ಎಂ. ಲೇಔಟಿನಲ್ಲೇ ನಿಮ್ಹಾನ್ಸ್‌ನವರ ಕ್ಷೇಮ ಕೇಂದ್ರದಲ್ಲಿ ಫೋನ್, ಆಟದ ಚಟಕ್ಕೆ ಅಂತಲೇ 2014ರಿಂದ 'ಶಟ್' ಅನ್ನೋ ಕ್ಲಿನಿಕ್ ಇದೆ. ಅಲ್ಲಿಗೆ ಹೋಗೋರು ದೊಡ್ಡ ಮಕ್ಕಳು. ಆದ್ರೆ ರೂಢಿ ಶುರುವಾಗೋದು ರಾಗಿ ಸರಿ ತಿನ್ನಿಸೋವಾಗ ಹಾಡು ಹಾಕಿ ಕೊಡೋ ನಮ್ಮಂಥ ಅಜ್ಜಿಯಂದ್ರಿಂದ. ಅದು ನಮ್ಮ ಕೈಲಿರೋದು.

ಈಗ ಮೊಮ್ಮಗಳಿಗೆ ಆರು ತಿಂಗಳು. ವೈಫೈ ಡಬ್ಬಿನ ಹಾಲಿಗೆ ಸಾಗಿಸಿದ್ದೀವಿ. ಭಯಕ್ಕಲ್ಲ, ಅಲ್ಲಿ ಸಿಗ್ನಲ್ ಚೆನ್ನಾಗಿ ಬರತ್ತೆ. ಫೋನ್ ಮೈಮೇಲೆ ಇಟ್ಕೊಂಡು ಮಲಗಬೇಡ, ತುಂಬ ಹೊತ್ತು ಮಾತಾಡೋದಿದ್ರೆ ಸ್ಪೀಕರ್ ಹಾಕು ಅಂತ ಮಗಳಿಗೆ ಹೇಳ್ತೀನಿ. ಅದಕ್ಕೆ ಖರ್ಚೂ ಇಲ್ಲ, ಕಷ್ಟಾನೂ ಇಲ್ಲ. ರಾತ್ರಿ ಫೋನು ಅವಳ ಮಂಚದ ಪಕ್ಕದ ಸ್ಟೂಲ್ ಮೇಲೆ ಇರತ್ತೆ, ಕೈ ಚಾಚಿದ್ರೆ ಸಿಗೋ ಹಾಗೆ. ನಿಮ್ಮನೇಲಿ ಬಸುರಿ ಇದ್ರೆ ಫೋನ್ ಅಲ್ಲೇ ಇರ್ಲಿ. ಡಾಕ್ಟರ ನಂಬರು ಒಂದು ಚೀಟೀಲೂ ಬರೆದು ಗೋಡೆಗೆ ಅಂಟ್ಸಿ. ಆಮೇಲೆ, ಎಷ್ಟು ಹೊತ್ತಿಗಾದ್ರೂ ಎಬ್ಬಿಸು, ಬೈಯಲ್ಲ ಅಂತ ಅವಳಿಗೆ ಬಾಯಿಬಿಟ್ಟು ಹೇಳಿ. ನಾನು ಅದನ್ನ ಹೇಳಿರ್ಲಿಲ್ಲ.